ಕೋಡಿ ತಿರುವಿನ ಟೈರು

ನಾನು ಒಂದು ಸ್ಕೂಟರಿನ ಟೈರು. ಅದರಲ್ಲೂ ಹಿಂದಿನ ಚಕ್ರದ ಟೈರು. ಮುಂದಿನ ಟೈರಿಗೆ ದಾರಿ ಮೊದಲು ಕಾಣುತ್ತದೆ, ಹಾಗಾಗಿ ಅದಕ್ಕೆ ಸ್ವಲ್ಪ ಜಂಬ. ಹಿಂದಿನದಕ್ಕೆ ಕಾಣುವುದು ಕಡಿಮೆ. ಆದರೆ ಗಾಡಿಯ ಮೇಲೆ ಯಾರು ಕೂತಿದ್ದಾರೆ, ಅವರ ಮನಸ್ಸು ಇವತ್ತು ಹಗುರವಾಗಿದೆಯೋ ಭಾರವಾಗಿದೆಯೋ ಎಂಬುದು ಮೊದಲು ಗೊತ್ತಾಗುವುದು ನಮಗೇ. ಮರದ ಹಾಲಿನಿಂದ ಹುಟ್ಟಿ ಹಸುವಿನ ಹಾಲಿನ ನಡುವೆ ಬದುಕು ಕಳೆದ ಟೈರು ಬಹುಶಃ ನಾನೊಂದೇ ಇರಬೇಕು.

ನನ್ನ ಹುಟ್ಟು ಬಿಸಿಯಲ್ಲಾಯಿತು. ರಬ್ಬರ್ ಮರದ ಹಾಲು, ಮಸಿ, ಗಂಧಕ, ಹೆಸರೇ ಗೊತ್ತಿಲ್ಲದ ಇನ್ನೇನೇನೋ ಪುಡಿ, ಎಲ್ಲವನ್ನೂ ಒಂದು ದೊಡ್ಡ ಯಂತ್ರ ಚಪಾತಿ ಹಿಟ್ಟಿನ ಹಾಗೆ ನಾದಿತು. ನೂಲಿನ ಪದರಗಳ ಮೇಲೆ ನನ್ನನ್ನು ಸುತ್ತಿದರು. ಕಬ್ಬಿಣದ ಅಚ್ಚಿನಲ್ಲಿಟ್ಟು, ಬಾಯಿ ಮುಚ್ಚಿ, ಹದವಾಗಿ ಬೇಯಿಸಿದರು. ಅಚ್ಚು ತೆರೆದಾಗ ನನ್ನ ಮೈತುಂಬ ಗೀರುಗಳು ಮೂಡಿದ್ದವು. ಮೈಗೆ ಅಂಟಿದ್ದ ಮೇಣ ಮಿರಿಮಿರಿ ಹೊಳೆಯುತ್ತಿತ್ತು. ಪರೀಕ್ಷೆ ಮಾಡುವವನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ, "ಇದು ಮೆತ್ತಂದು, ಆ ಕಡೆಗೆ ಹಾಕು" ಅಂದ. ನನ್ನ ಜಾತಕ ಬರೆದದ್ದು ಅಷ್ಟರಲ್ಲೇ ಮುಗಿಯಿತು.

ರಬ್ಬರಿನಲ್ಲಿ ಗಟ್ಟಿಯದು ಬೇರೆ, ಮೆತ್ತನೆಯದು ಬೇರೆ. ಗಟ್ಟಿ ರಬ್ಬರು ನೆಲದ ಮೇಲೆ ನಡೆದೂ ನೆಲದ ಹಂಗಿಲ್ಲದೆ ಇರುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಮೆತ್ತನೆಯದು ನೆಲವನ್ನು ಅವಚಿ ಹಿಡಿಯುತ್ತದೆ. ಹಿಡಿದಾಗಲೆಲ್ಲ ತನ್ನದೊಂದು ಚೂರನ್ನು ಅಲ್ಲಿಯೇ ಬಿಟ್ಟು ಬರುತ್ತದೆ. ಇದರಲ್ಲಿ ಯಾವುದು ಜಾಣತನ ಎಂದು ಕೇಳಿದರೆ ನಾನು ಹೇಳಲಾರೆ. ನನ್ನನ್ನು ಕೇಳಿ ಯಾರೂ ಮಾಡಲಿಲ್ಲ.

ಲಾರಿಯಲ್ಲಿ ಬಂದು ಚಿಕ್ಕಬಳ್ಳಾಪುರದ ಒಂದು ಟೈರಂಗಡಿ ಸೇರಿದೆ. ಅಂಗಡಿ ಇಮ್ತಿಯಾಜ್ ಎಂಬುವರದು. ಮಾಡಿಗೆ ಹೊಡೆದ ಕೊಕ್ಕೆಯಲ್ಲಿ ನನ್ನನ್ನು ನೇತುಹಾಕಿದರು. ಪಕ್ಕದಲ್ಲೊಂದು ಗಟ್ಟಿ ರಬ್ಬರಿನ ಟೈರು ಇತ್ತು. ಬಹಳ ದಿನದಿಂದ ಅಲ್ಲೇ ಇದ್ದುದಕ್ಕೋ ಏನೋ, ಅಂಗಡಿಯೇ ತನ್ನದೆಂಬಂತೆ ಇತ್ತು. ಬಂದವರೆಲ್ಲ ಕೇಳುತ್ತಿದ್ದ ಪ್ರಶ್ನೆಯೂ ಅದಕ್ಕೆ ಅನುಕೂಲವಾದದ್ದೇ: "ಎಷ್ಟು ದಿನ ಬರುತ್ತೆ?" ಇಮ್ತಿಯಾಜ್ ಅದರ ಕಡೆ ಕೈ ತೋರಿಸುತ್ತಿದ್ದರು. ಎಷ್ಟು ಹಿಡಿಯುತ್ತೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೀಗೇ ನೇತಾಡಿಕೊಂಡು ಮುದಿಯಾಗಿಬಿಡುತ್ತೇನೆಂದು ನನಗೆ ಭಯವಿತ್ತು.

ಕಾರ್ತಿಕ ಮಾಸ ಕಳೆದು ಬೆಳಗಿನ ಚಳಿ ಬಿಗಿಯಾಗುತ್ತಿದ್ದಾಗ ಪ್ರಮೀಳ ಬಂದಳು. ನಲವತ್ತು ದಾಟಿದ ಹೆಂಗಸು, ಸೀರೆಯ ಮೇಲೆ ಗಂಡಸರ ಸ್ವೆಟರು, ತಲೆಗೆ ಸುತ್ತಿದ ಉಣ್ಣೆ ಸ್ಕಾರ್ಫು. ಎಡಗೈಯ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು. ಅವಳು ಸ್ಕೂಟರಿನಲ್ಲಿ ಬಂದಿದ್ದಳು. ಗಂಡ ಬಚ್ಚಣ್ಣ ತಮ್ಮೂರಿನಿಂದ ಬಸ್ಸಿನಲ್ಲಿ ಬಂದಿದ್ದ. ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ, ಹೆಂಡತಿಯ ಹಿಂದೆ ಕೂತು ಬರುವ ಅಭ್ಯಾಸ ಆ ಊರಿನ ಗಂಡಸರಿಗಿಲ್ಲ. ಇಬ್ಬರೂ ಅಂಗಡಿಯ ಮುಂದೆ ಸೇರಿದರು.

"ಎರಡೂ ಚಕ್ರಕ್ಕೆ ಟೈರ್ ಬೇಕಿತ್ತು" ಅಂದಳು ಪ್ರಮೀಳ.

ಇಮ್ತಿಯಾಜ್ ವಾಡಿಕೆಯಂತೆ ನನ್ನ ನೆರೆಯವನನ್ನು ಇಳಿಸಿದರು. "ಇದು ಹಾಕ್ಸಿ ಮೇಡಂ. ಹಾಕಿ ಮರೆತುಬಿಡಿ. ಗಾಡಿ ಹೋದ್ರೂ ಇದು ಹೋಗಲ್ಲ."

"ಅದೇ ಕೊಡಿ ಸಾಬ್ರೇ, ಬಾಳಿಕೆ ಬರೋದು ಮುಖ್ಯ" ಅಂದ ಬಚ್ಚಣ್ಣ, ಹೊರಗೆ ನಿಂತೇ.

"ಬಾಳಿಕೆ ಆಮೇಲಾಯ್ತು. ಹೊತ್ತು ಹುಟ್ಟೋಕೆ ಮುಂಚೆ ಕೆರೆ ಏರಿ ಮೇಲೆ ಹೋಗ್ಬೇಕು ನಾನು. ಮಂಜು ಬಿದ್ದು ರೋಡೆಲ್ಲ ಒದ್ದೆ ಇರ್ತದೆ. ಆವಾಗ ಹಿಡೀತದಾ ಇದು?"

ಇಮ್ತಿಯಾಜ್ ಗಡ್ಡ ಕೆರೆದುಕೊಂಡರು. "ಅಷ್ಟು ಹೊತ್ತಿಗೆ ನಾನು ರಜಾಯಿ ಒಳಗಿರ್ತೀನಿ ಮೇಡಂ, ಸುಳ್ಳು ಯಾಕೆ ಹೇಳ್ಲಿ. ಕಂಪನಿಯವರು ಹೇಳೋದು, ಗಟ್ಟಿ ರಬ್ಬರು ಚಳೀಲಿ ಇನ್ನೂ ಗಟ್ಟಿ ಆಗುತ್ತೆ, ಮೆತ್ತಗಿರೋದು ಹಿಡಿಯುತ್ತೆ ಅಂತ. ಆದ್ರೆ ಅದು ಬೇಗ ಸವೆಯುತ್ತೆ. ಅದಕ್ಕೇ ಯಾರೂ ಕೇಳಲ್ಲ."

"ನಾನು ಕೇಳ್ತಾ ಇದೀನಲ್ಲ. ಇಳಿಸಿ."

ಪ್ರಮೀಳ ಪಕ್ಕದೂರಿನ ಮಹಿಳಾ ಸಂಘದ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಹಾಲು ಬೆಳ್ಳಗಿದೆ ಅಂದಮಾತ್ರಕ್ಕೆ ಒಪ್ಪಿಕೊಳ್ಳುವ ಕೆಲಸವಲ್ಲ ಅವಳದು. ಮೊದಲು ನನ್ನನ್ನು ಉಗುರಿನಿಂದ ಒತ್ತಿದಳು. ಆಮೇಲೆ ಪಕ್ಕೆಯ ಮೇಲೆ ಅಚ್ಚೊತ್ತಿದ್ದ ವಾರ, ವರ್ಷ ಯಾವುದೆಂದು ಇಮ್ತಿಯಾಜರಿಂದ ಓದಿಸಿದಳು. ನಾನು ಅದೇ ವರ್ಷದ್ದು. ನೆರೆಯವನು ಕೊಕ್ಕೆಯಲ್ಲೇ ಮೂರು ಬೇಸಿಗೆ ಕಂಡಿದ್ದ, ಪಾಪ, ಒಣಗಿ ಇನ್ನೂ ಬಿರುಸಾಗಿದ್ದ. ಅಷ್ಟಕ್ಕೂ ಅವಳಿಗೆ ಸಮಾಧಾನವಾಗಲಿಲ್ಲ. ಅಂಗಡಿಯ ಬಾಗಿಲಲ್ಲಿದ್ದ ಕೊಡದಿಂದ ತಣ್ಣನೆ ನೀರು ಮೊಗೆದು ಕಲ್ಲಿನ ಮೆಟ್ಟಿಲ ಮೇಲೆ ಸುರಿದಳು. ನೆರೆಯವನನ್ನು ಅದರ ಮೇಲೆ ಒತ್ತಿ ತಳ್ಳಿದಳು. ಅವನು ಸುಯ್ಯನೆ ಜಾರಿ ಹೋಗಿ ಚರಂಡಿಯ ಅಂಚಿಗೆ ನಿಂತ. ನನ್ನನ್ನು ತಳ್ಳಿದಳು. ನಾನು ಕದಲಲಿಲ್ಲ. ಇನ್ನೊಮ್ಮೆ ಒತ್ತಿ ತಳ್ಳಿದಳು. ಆಗಲೂ ಇಲ್ಲ.

"ಇದೇ ಇರ್ಲಿ. ಇಂಥದ್ದೇ ಇನ್ನೊಂದು ಮುಂದಕ್ಕೆ ಹಾಕಿ" ಅಂದಳು. ಬಚ್ಚಣ್ಣ ಏನೋ ಹೇಳಲು ಬಾಯಿ ತೆರೆದು, ಅವಳ ಸೊಟ್ಟ ಮಣಿಕಟ್ಟನ್ನು ನೋಡಿ ಸುಮ್ಮನಾದ.

ಆ ಮಣಿಕಟ್ಟಿನ ಕಥೆ ನನಗೆ ತಿಳಿದದ್ದು ಮನೆ ಸೇರಿದ ಮೇಲೆ. ಅವಳ ಊರಿಗೂ ಡೈರಿ ಇರುವ ಊರಿಗೂ ನಡುವೆ ಒಂದು ದೊಡ್ಡ ಕೆರೆ. ರಸ್ತೆ ಕೆರೆಯ ಏರಿಯ ಮೇಲೆ. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಕೋಡಿಯ ಹತ್ತಿರ ಏರಿ ಥಟ್ಟನೆ ತಿರುಗುತ್ತದೆ. ಹಿಂದಿನ ಚಳಿಗಾಲದಲ್ಲಿ ಆ ತಿರುವಿನಲ್ಲಿ ಹಳೆಯ ಟೈರು ಜಾರಿ ಅವಳು ಬಿದ್ದಿದ್ದಳು. ಮುರಿದ ಕೈಗೆ ಕಟ್ಟು ಹಾಕಿಸಿಕೊಂಡು ಮನೆಗೆ ಬಂದಾಗ ಬಚ್ಚಣ್ಣ ಅವಳ ಅಣ್ಣನ ಎದುರಿಗೇ ಹೇಳಿಬಿಟ್ಟಿದ್ದ: "ಇನ್ನೊಂದ್ ಸಲ ಬಿದ್ರೆ ಗಾಡಿ ಮಾರಿಬಿಡ್ತೀನಿ. ಆಮೇಲೆ ಯಾರೂ ನನ್ನ ಕೇಳಂಗಿಲ್ಲ." ಅಣ್ಣನೂ ತಲೆಯಾಡಿಸಿದ್ದ. ಗಾಡಿ ಹೋದರೆ ಡೈರಿಯೂ ಹೋದಂತೆ. ಆ ಹೊತ್ತಿನಲ್ಲಿ ಬಸ್ಸಿಲ್ಲ. ನಡೆದುಹೋದರೆ ಹಾಲಿನ ಲಾರಿ ಬಂದು ಹೋಗಿರುತ್ತದೆ. ಆ ಡೈರಿಯನ್ನು ಬೀಗ ತೆಗೆದ ಮೊದಲ ದಿನದಿಂದ ನಡೆಸಿದವಳು ಅವಳು. ಎರಡೂರಿನವರೂ ಅವಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಸೆಕ್ರೆಟ್ರಮ್ಮ ಅನ್ನುತ್ತಿದ್ದರು. ಇಷ್ಟೂ ಈಗ ನನ್ನ ಮೈಯ ಒಂದು ಅಂಗೈಯಗಲದ ಮೇಲೆ ನಿಂತಿತ್ತು. ಟೈರು ನೆಲಕ್ಕೆ ತಾಗುವುದು ಅಷ್ಟೇ ಅಗಲ.

ಹೊಸ ಟೈರಿನ ಮೇಣ ಹೋಗುವವರೆಗೆ ಅದೂ ಜಾರುತ್ತದೆ. ಪ್ರಮೀಳ ಮೊದಲ ಕೆಲವು ದಿನ ನನ್ನನ್ನು ಹಸುಗೂಸಿನ ಹಾಗೆ ನಡೆಸಿದಳು. ತಿರುವಿನಲ್ಲಿ ಗಾಡಿಯನ್ನು ವಾಲಿಸಲಿಲ್ಲ, ಬ್ರೇಕನ್ನು ಒಮ್ಮೆಲೇ ಹಿಡಿಯಲಿಲ್ಲ. ಚಳಿಗೆ ಒಳಗಿನ ಗಾಳಿ ಕುಗ್ಗುತ್ತದೆಂದು ಆಗಾಗ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಪಂಚರ್ ಅಂಗಡಿಯವನು ಮೈಲೇಜು ಬರುತ್ತೆ ಅಂತ ಗಾಳಿ ಜಾಸ್ತಿ ತುಂಬಲು ಬಂದರೆ, "ಹೊಟ್ಟೆ ಬಿರಿಯೋ ಹಂಗೆ ತುಂಬಬ್ಯಾಡಪ್ಪ, ಅದಕ್ಕೆ ನೆಲ ಸಿಗಲ್ಲ" ಅನ್ನುತ್ತಿದ್ದಳು. ನಿಜ. ಗಾಳಿ ಹೆಚ್ಚಾದ ಟೈರು ತುದಿಗಾಲಲ್ಲಿ ನಡೆಯುತ್ತದೆ.

ಧನುರ್ಮಾಸ ಬಂತು. ಏರಿಯ ಮೇಲಿನ ಚಳಿ ಎಂದರೆ ಏನೆಂದು ಆಗ ಗೊತ್ತಾಯಿತು. ನೀರಿನಿಂದ ಎದ್ದ ಮಂಜು ರಸ್ತೆಗೆ ಅಡ್ಡಲಾಗಿ ಮಲಗಿರುತ್ತಿತ್ತು. ಡಾಂಬರಿನ ಮೇಲೆ ಬೆವರಿನಂತೆ ತೇವ. ಮುಂದಿನ ಟೈರು, "ಏನೂ ಕಾಣ್ತಿಲ್ಲ" ಎಂದು ಗೊಣಗುತ್ತಿತ್ತು. ಕೋಡಿ ಹತ್ತಿರ ಬಂದಂತೆ ಪ್ರಮೀಳಳ ಇಡೀ ಮೈ ಬಿಗಿಯಾಗಿ, ಉಸಿರು ನಿಂತು, ಭಾರವೆಲ್ಲ ಒಂದೇ ಕಡೆ ಗಂಟು ಕಟ್ಟುತ್ತಿತ್ತು. ನಾನು ತೇವವನ್ನು ಗೀರುಗಳಿಂದ ಆಚೆ ತಳ್ಳಿ ಅಡಿಯ ಜಲ್ಲಿಯನ್ನು ಹುಡುಕಿ ಹಿಡಿಯುತ್ತಿದ್ದೆ. ತಿರುವು ದಾಟಿದ ಮೇಲೆ ಅವಳ ಉಸಿರು ಬರುತ್ತಿತ್ತು. ದಿನ ಕಳೆದಂತೆ ಅವಳು ತಿರುವಿನಲ್ಲೂ ಉಸಿರಾಡತೊಡಗಿದಳು. ಒಂದು ಬೆಳಿಗ್ಗೆ ಅಲ್ಲೇ ಏನೋ ಹಾಡು ಗುನುಗಿದಳು. ಟೈರಿಗೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ. ನನಗಂತೂ ಬಹಳ ಸಂತೋಷವಾಯಿತು.

ಬಚ್ಚಣ್ಣನೂ ಇದನ್ನು ಗಮನಿಸಿದ್ದ. ಬಾಯಿಬಿಟ್ಟು ಹೇಳುವವನಲ್ಲ. ಮೊದಲೆಲ್ಲ ಅವಳು ಹೊರಟ ಕೂಡಲೇ ಜಗಲಿಯ ಮೇಲೆ ಕೂತು ಏರಿಯ ಕಡೆ ಕಿವಿ ಕೊಟ್ಟಿರುತ್ತಿದ್ದವನು, ಈಗ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ಸ್ಕೂಟರಿನ ಮೇಲೆ ಕೋಳಿ ಕೂತರೆ ಓಡಿಸುತ್ತಿದ್ದ. ಹಗೆಯಂತೆ ನೋಡುತ್ತಿದ್ದ ಗಾಡಿಯನ್ನು ಮನೆಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದ.

ಹೀಗೆ ಸಂಕ್ರಾಂತಿ ಬಂತು. ಆ ಸೀಮೆಯಲ್ಲಿ ಸಂಕ್ರಾಂತಿ ದನಗಳ ಹಬ್ಬ. ಬೆಳಿಗ್ಗೆಯೇ ಹಸುಗಳ ಮೈ ತೊಳೆದು, ಕೊಂಬು ಹೆರೆದು, ಎಣ್ಣೆ ಹಚ್ಚಿ, ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಬಚ್ಚಣ್ಣನಿಗೆ ಹಿಂದೆ ಒಂದು ಜೊತೆ ಎತ್ತಿದ್ದವಂತೆ. ಅವುಗಳ ಕೊಂಬು, ಗೊರಸು ಎಲ್ಲಕ್ಕೂ ಎಣ್ಣೆ ತಿಕ್ಕಿ ಮಿಂಚಿಸುವುದರಲ್ಲಿ ಅವನದು ಎತ್ತಿದ ಕೈಯಂತೆ. ಈಗ ಎತ್ತಿಲ್ಲ, ಎರಡು ಸೀಮೆಹಸು ಇವೆ. ಅವಕ್ಕೆ ಹಚ್ಚಿ ಮುಗಿದ ಮೇಲೆ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಉಳಿಯಿತು. ಪ್ರಮೀಳ ಒಳಗೆ ಎಳ್ಳು ಹುರಿಯುತ್ತಿದ್ದಳು. ಬಚ್ಚಣ್ಣ ಬಟ್ಟಲು ಹಿಡಿದು ಸ್ಕೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತ.

ಮೊದಲು ಗಾಡಿಗೆ ಅರಿಶಿನ ಕುಂಕುಮ ಇಟ್ಟ. ಚೆಂಡುಹೂವು ಸಿಕ್ಕಿಸಿದ. ಆಮೇಲೆ ಬಟ್ಟೆ ಚೂರನ್ನು ಎಣ್ಣೆಯಲ್ಲಿ ಅದ್ದಿ ನನಗೂ ಮುಂದಿನವನಿಗೂ ಹಚ್ಚತೊಡಗಿದ. ಪಕ್ಕೆಗೆ ಮಾತ್ರ ಹಚ್ಚಿದ್ದರೆ ಚಿಂತೆಯಿರಲಿಲ್ಲ. ಎತ್ತಿನ ಗೊರಸಿಗೆ ಹಚ್ಚುವ ಹಾಗೆ, ಒಂದು ಗೀರೂ ಬಿಡದೆ, ನೆಲ ಮುಟ್ಟುವ ಭಾಗಕ್ಕೆಲ್ಲ ತಿಕ್ಕಿ ತಿಕ್ಕಿ ಹಚ್ಚಿದ. ಚಕ್ರ ತಿರುಗಿಸಿ ಮತ್ತೆ ಹಚ್ಚಿದ. ನನಗೆ ಬಾಯಿದ್ದಿದ್ದರೆ ಕೂಗಿಬಿಡುತ್ತಿದ್ದೆ. ಆದರೆ ಅವನ ಕೈ ಎಷ್ಟು ಮೃದುವಾಗಿತ್ತೆಂದರೆ, ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಹಚ್ಚಿ ಮುಗಿಸಿ ದೂರ ನಿಂತು ನೋಡಿ, "ಈಗ ಲಕ್ಷಣವಾಗೈತೆ" ಅಂದುಕೊಂಡ. ಸಂಜೆ ಹಸುಗಳಿಗೆ ಕಿಚ್ಚು ಹಾಯಿಸಿದರು. ಪುಣ್ಯಕ್ಕೆ ನಮಗೆ ಹಾಯಿಸಲಿಲ್ಲ.

ರಾತ್ರಿಯ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ನನ್ನ ಗೀರುಗಳಲ್ಲೆಲ್ಲ ಬೆಣ್ಣೆಯಂತೆ ಕೂತಿತು. ಮರುದಿನ ಮಬ್ಬುಗತ್ತಲೆಯಲ್ಲಿ ಪ್ರಮೀಳ ಗಾಡಿ ತೆಗೆದಳು. ಹಬ್ಬದ ಮಾರನೆಯ ದಿನವಾದ್ದರಿಂದ ಅವಳ ಮನಸ್ಸು ಹಗುರವಾಗಿತ್ತು. ಊರೊಳಗಿನ ಮಣ್ಣು ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಏರಿ ಹತ್ತಿದ ಮೇಲೆ ನನಗೆ ನೆಲ ಸಿಗದಾಯಿತು. ಕೆಳಗೆ ಡಾಂಬರು ಇದೆಯೆಂದು ಗೊತ್ತು, ಮುಟ್ಟಲು ಆಗುತ್ತಿಲ್ಲ. ನಡುವೆ ಎಣ್ಣೆ. ಕೋಡಿಯ ತಿರುವಿನಲ್ಲಿ ಅವಳು ಎಂದಿನ ನಂಬಿಕೆಯಿಂದ ಗಾಡಿಯನ್ನು ವಾಲಿಸಿದಳು. ನಾನು ಹಿಡಿಯಲು ನೋಡಿದೆ, ಇದ್ದಬದ್ದ ಶಕ್ತಿಯೆಲ್ಲ ಹಾಕಿದೆ. ಹಿಡಿತಕ್ಕೆ ಏನೂ ಬರಲಿಲ್ಲ. ಗಾಡಿ ಒಂದು ಕಡೆ, ಅವಳು ಒಂದು ಕಡೆ.

ಮೂಳೆ ಮುರಿಯಲಿಲ್ಲ. ಮೊಣಕೈ, ಮಂಡಿ ತರಚಿದವು, ಸೀರೆ ಹರಿಯಿತು, ಕನ್ನಡಿ ಒಡೆಯಿತು. ಅವಳು ಎದ್ದು, ಸೆರಗಿನಿಂದ ರಕ್ತ ಒರೆಸಿಕೊಂಡು, ಗಾಡಿಯನ್ನು ತಳ್ಳಿಕೊಂಡೇ ಡೈರಿಗೆ ಹೋದಳು. ಬೀಗ ತೆಗೆದು ಎಲ್ಲರ ಹಾಲನ್ನೂ ಪರೀಕ್ಷಿಸಿ ಅಳೆದು ಲಾರಿಗೆ ಹತ್ತಿಸಿದಳು. ಹಾಲು ಹಾಕಲು ಬಂದಿದ್ದ ತಿಮ್ಮರಾಯಪ್ಪ ಎಂಬುವನು ಅವಳ ಅವತಾರ ನೋಡಿ ಎಲ್ಲರಿಗೂ ಕೇಳುವಂತೆ, "ಹೆಂಗಸರ ಕೈಗೆ ಗಾಡಿ ಕೊಟ್ರೆ ಇಷ್ಟೇ ಕಣಪ್ಪ" ಅಂದ. ಅವನ ಹೆಂಡತಿ ಸಂಘದ ಅಧ್ಯಕ್ಷೆ. ಮಾತಾಡುವ ಕೆಲಸವನ್ನು ಮಾತ್ರ ಅವನೇ ವಹಿಸಿಕೊಂಡಿದ್ದ.

ಮನೆಗೆ ಬಂದಾಗ ಬಚ್ಚಣ್ಣ ಕೂಗಾಡಲಿಲ್ಲ. ಅವಳ ಮೊಣಕೈಗೆ ಅರಿಶಿನ ಹಚ್ಚಿದ. ಆಮೇಲೆ ಗಾಡಿಯ ಬೀಗದ ಕೈ ತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು, "ಸಾಕು" ಅಂದ. ಅಷ್ಟೇ.

ಪ್ರಮೀಳ ಸಂಜೆ ನನ್ನ ಪಕ್ಕ ಬಂದು ಕೂತಳು. ಎಣ್ಣೆಯೂ ಏರಿಯ ಮಣ್ಣೂ ಕಲೆತು ನನ್ನ ಮೈ ಕೆಸರು ಬಳಿದಂತಾಗಿತ್ತು, ಅವಳಿಗೆ ಕಂಡದ್ದು ಆ ಮಣ್ಣು ಮಾತ್ರ. "ಇಷ್ಟು ದಿನ ಹಿಡಿದಿದ್ದು ಇವತ್ತು ಯಾಕೆ ಬಿಡ್ತು" ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲ ಬಿಡು. ನನ್ನ ಕೈಯೇ ಹೋಗೈತೆ" ಅಂದಳು. ಬಿದ್ದಾಗ ಆಗದ ನೋವು ನನಗೆ ಆ ಮಾತಿಗೆ ಆಯಿತು. ಟೈರನ್ನು ಅನುಮಾನಿಸಿದ್ದರೆ ಸಹಿಸುತ್ತಿದ್ದೆ. ಅವಳು ತನ್ನನ್ನೇ ಅನುಮಾನಿಸಿದಳು.

ಮುಂದಿನ ದಿನಗಳಲ್ಲಿ ಅವಳು ನಡೆದು ಹೋದಳು. ಎಷ್ಟು ಬೇಗ ಹೊರಟರೂ ಕುಂಟುವ ಮಂಡಿಗೆ ಏರಿ ಉದ್ದವಾಯಿತು. ಒಂದು ದಿನ ಲಾರಿ ಕಾದು ಕಾದು ಹೊರಟೇಹೋಯಿತು, ಹಾಲೆಲ್ಲ ಹಾಕಿದವರ ಮನೆಗೇ ವಾಪಸಾಯಿತು. ಮಧ್ಯಾಹ್ನ ತಿಮ್ಮರಾಯಪ್ಪ ಮನೆಗೆ ಬಂದ. ಪ್ರಮೀಳ ಡೈರಿಯಿಂದ ಇನ್ನೂ ಬಂದಿರಲಿಲ್ಲ.

"ಬಚ್ಚಣ್ಣ, ಬೇಜಾರ್ ಮಾಡ್ಕಬ್ಯಾಡ. ನಾಳೆ ಸಂಘದ ಸಭೆ ಐತೆ. ನಮ್ಮೂರಾಗೇ ಇರೋ ಯಾರನ್ನಾದ್ರೂ ಸೆಕ್ರೆಟರಿ ಮಾಡಾನ ಅಂತ. ಎಲ್ರೂ ಅದೇ ಅಂತಾರೆ."

"ಆಗ್ಲಿ ಬಿಡಪ್ಪ. ಅವಳೂ ಸುಧಾರಿಸ್ಕಳ್ಳಿ" ಅಂದ ಬಚ್ಚಣ್ಣ.

"ಗಾಡಿ ಕೊಡಂಗಿದ್ರೆ ಹೇಳು. ನಮ್ಮ ಭಾಮೈದ ನೋಡ್ತಾವ್ನೆ."

"ಅದೂ ಆಗ್ಲಿ."

ತಿಮ್ಮರಾಯಪ್ಪ ಹೋದ ಮೇಲೆ ಬಚ್ಚಣ್ಣ ಗಾಡಿಯನ್ನು ತೊಳೆದು ಜಗಲಿಯ ಮೇಲಿಡಲು ಎದ್ದ. ಎರಡು ಕೊಡ ನೀರು ಸುರಿದ. ಮಣ್ಣು ಹೋಯಿತು, ಎಣ್ಣೆ ಹೋಗಲಿಲ್ಲ. ಜಗಲಿಗೆ ಹತ್ತಿಸಲೆಂದು ಇಟ್ಟಿದ್ದ ಚಪ್ಪಡಿಯ ಮೇಲೆ ಸ್ಕೂಟರನ್ನು ತಳ್ಳಿದ. ಅರ್ಧ ಹತ್ತಿದ್ದೆವು, ನಾನು ಸರ್ರನೆ ಅಡ್ಡಕ್ಕೆ ಜಾರಿದೆ. ಗಾಡಿಯ ಜೊತೆಗೆ ಬಚ್ಚಣ್ಣನೂ ಅಂಗಳದಲ್ಲಿ ಅಂಗಾತ ಬಿದ್ದ. ಬೀದಿಯಲ್ಲಿ ಯಾರೂ ಇರಲಿಲ್ಲ. ಹಸುವೊಂದು ಕತ್ತೆತ್ತಿ ನೋಡಿ ಮತ್ತೆ ಮೆಲುಕು ಹಾಕಿತು.

ಅವನು ಎದ್ದು, ಬೈದುಕೊಳ್ಳುತ್ತ ನನ್ನ ಮೇಲೆ ಕೈಯಿಟ್ಟ. ಕೈ ಜಾರಿತು. ಅಂಗೈಯನ್ನು ಮೂಗಿನ ಹತ್ತಿರ ತಂದುಕೊಂಡ. ಕೊಬ್ಬರಿ ಎಣ್ಣೆ. ಅವನು ಹಾಗೆಯೇ ನೆಲದ ಮೇಲೆ ಕೂತುಬಿಟ್ಟ.

ಈ ಸಂಗತಿ ಲೋಕದಲ್ಲಿ ಗೊತ್ತಿದ್ದದ್ದು ಅವನಿಗೆ ಮತ್ತು ನಮಗೆ. ನಾವು ಹೇಳುವವರಲ್ಲ. ಅವನು ಸುಮ್ಮನಿದ್ದರೆ ಅವನು ಬಯಸಿದಂತೆಯೇ ಎಲ್ಲ ನಡೆಯುತ್ತಿತ್ತು. ಗಾಡಿ ಹೋಗುತ್ತಿತ್ತು, ಹೆಂಡತಿ ಮನೆಯಲ್ಲಿರುತ್ತಿದ್ದಳು, ಅವನಿಗೆ ಬೆಳಗಿನ ಹೊತ್ತು ಏರಿಯ ಕಡೆ ಕಿವಿ ಕೊಡುವ ಕಷ್ಟ ತಪ್ಪುತ್ತಿತ್ತು. ಬರಿಯ ಒಂದು ಬಟ್ಟೆಯಲ್ಲಿ ಒರೆಸಿಬಿಟ್ಟಿದ್ದರೆ ಸಾಕಿತ್ತು. ನಾನು ಕಾದೆ. ಕಾಯುವುದು ಬಿಟ್ಟು ನನಗೆ ಬೇರೇನು ಬರುತ್ತದೆ?

ಬಚ್ಚಣ್ಣ ಎದ್ದು ಒಳಗೆ ಹೋಗಿ ಪ್ರಮೀಳ ತಲೆಗೆ ಹಾಕಿಕೊಳ್ಳುವ ಸೀಗೇಪುಡಿ ಡಬ್ಬ ತಂದ. ಬಿಸಿನೀರು ತಂದ. ನನಗೆ ಎಣ್ಣೆಸ್ನಾನ ಮಾಡಿಸುವವನ ಹಾಗೆ ಸೀಗೇಪುಡಿ ಕಲೆಸಿ, ಒಂದೊಂದು ಗೀರಿಗೂ ತೆಂಗಿನ ನಾರು ಹಾಕಿ ಉಜ್ಜತೊಡಗಿದ. ಪ್ರಮೀಳ ಬಂದಾಗ ಅಂಗಳವೆಲ್ಲ ನೊರೆ.

"ಏನ್ರೀ ಇದು? ನನ್ನ ಸೀಗೇಪುಡಿ ಎಲ್ಲ."

ಅವನು ತಲೆಯೆತ್ತಲಿಲ್ಲ. "ಹಬ್ಬದ ದಿನ ಕೊಂಬಿಗೆ ಹಚ್ಚಿದ ಎಣ್ಣೆ ಉಳಿದಿತ್ತು. ಇದಕ್ಕೂ ಹಚ್ಚಿದೆ."

"ಯಾವುದಕ್ಕೆ?"

"ಟೈರಿಗೆ. ಎರಡಕ್ಕೂ."

ಪ್ರಮೀಳ ಚೀಲವನ್ನು ಕೆಳಗಿಟ್ಟಳು. "ನನ್ನ ಒಂದ್ ಮಾತು ಕೇಳಬಾರ್ದಿತ್ತಾ?"

"ಎತ್ತಿಗೆ ಹಚ್ಚುವಾಗ ಯಾರನ್ನ ಕೇಳಿದ್ದೆ? ಇದೂ ಮನೇದೇ ತಾನೆ ಅಂತ ಹಚ್ಚಿದೆ." ಕೈಯಲ್ಲಿದ್ದ ನಾರನ್ನು ಕೆಳಗಿಟ್ಟ. "ನೀನು ಬೀಳ್ಲಿ ಅಂತ ಹಚ್ಚಿದ್ನಾ ಪ್ರಮೀಳ?"

ಅವಳು ಅತ್ತಳು. ಅಳುತ್ತಲೇ ನಕ್ಕಳು. ಆಮೇಲೆ ಸಿಟ್ಟು ಬಂತು. ಮೂರೂ ಒಂದರ ಮೇಲೊಂದು ಬಂದದ್ದನ್ನು ನಾನು ಕೆಳಗಿನಿಂದ ನೋಡಿದೆ. "ಇಷ್ಟು ದಿನ ನನ್ನ ಕೈಯೇ ಹೋಯ್ತು ಅಂತ ಒಳಗೊಳಗೇ ಸಾಯ್ತಾ ಇದ್ದೆ ನಾನು" ಅಂದಳು. ಮೊಣಕೈಯ ಗಾಯವನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ನನಗೆ ಹೇಳಿದ್ದಾಯ್ತು. ಅಲ್ಲಿ ಕ್ಯೂ ನಿಂತಿರೋರಿಗೆ ಯಾರು ಹೇಳೋದು?" ಎಂದು ಕೇಳಿದಳು.

ಬಚ್ಚಣ್ಣ ಜೇಬಿನಿಂದ ಬೀಗದ ಕೈ ತೆಗೆದು ಅವಳ ಕೈಗೆ ಕೊಟ್ಟು ಮತ್ತೆ ಉಜ್ಜುತ್ತ ಕೂತ.

ಮರುದಿನ ಬೆಳಿಗ್ಗೆ ಆ ಚಳಿಗಾಲದಲ್ಲೇ ಹೆಚ್ಚಿನ ಚಳಿ. ಪ್ರಮೀಳ ಗಾಡಿ ಶುರು ಮಾಡಿ ಹತ್ತಿ ಕೂತಳು. ಕಾಲು ನೆಲಕ್ಕೆ ಊರಿದ್ದಳು, ಎತ್ತಲು ಧೈರ್ಯ ಬರುತ್ತಿರಲಿಲ್ಲ. ಆಗ ನನ್ನ ಮೇಲೆ ಇದ್ದಕ್ಕಿದ್ದಂತೆ ಇನ್ನೊಂದು ಭಾರ ಬಿತ್ತು. ಹಾಲಿನ ಕ್ಯಾನಲ್ಲ, ಹುಲ್ಲಿನ ಹೊರೆಯಲ್ಲ. ತಲೆಗೆ ಟವಲು ಸುತ್ತಿಕೊಂಡ ಬಚ್ಚಣ್ಣ, ಹಾಲಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ಹಿಂದೆ ಕ್ಯಾರಿಯರ್ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದ.

"ನೀವ್ಯಾಕೆ?" ಅಂದಳು.

"ನಡಿ, ಹೊತ್ತಾಯ್ತು" ಅಂದ.

ಅರಳಿಕಟ್ಟೆಯ ಹತ್ತಿರ ಬೆಂಕಿ ಕಾಯಿಸಿಕೊಳ್ಳುತ್ತಿದ್ದವರು ಮಾತು ನಿಲ್ಲಿಸಿ ನೋಡಿದರು. ಒಬ್ಬ ಬೀಡಿ ಸೇದುವುದನ್ನೂ ಮರೆತ. ಬಚ್ಚಣ್ಣನ ಮೈ ನಾಚಿಕೆಗೆ ಇನ್ನಷ್ಟು ಭಾರವಾದಂತೆ ಅನ್ನಿಸಿತು. ಏರಿ ಹತ್ತಿದೆವು. ಕೋಡಿ ಬಂತು. ಮುಂದೆ ಕೂತವಳ ಉಸಿರು ನಿಂತಿತು, ಹಿಂದೆ ಕೂತವನದೂ ನಿಂತಿತು. ಇಬ್ಬರ ಭಾರ, ಇಬ್ಬರ ಭಯ, ಒದ್ದೆ ಡಾಂಬರು. ಸೀಗೇಪುಡಿಯಲ್ಲಿ ಮಿಂದ ನನ್ನ ಮೈ ಹೊಸದಾಗಿತ್ತು. ತೇವದ ಅಡಿಯಲ್ಲಿ ಜಲ್ಲಿ ಸಿಕ್ಕಿತು. ಹಿಡಿದೆ. ತಿರುವು ಮುಗಿಯುವವರೆಗೂ ಬಿಡಲಿಲ್ಲ.

ಡೈರಿಯ ಮುಂದೆ ಕ್ಯಾನು ಹಿಡಿದವರ ಸಾಲು ಆಗಲೇ ನಿಂತಿತ್ತು. ಬಚ್ಚಣ್ಣ ಇಳಿದ. ತಿಮ್ಮರಾಯಪ್ಪ ಬಾಯಿ ತೆರೆಯುವ ಮೊದಲೇ, ಯಾರ ಮುಖವನ್ನೂ ನೋಡದೆ, ಸ್ಕೂಟರಿನ ಸೀಟಿನ ಮೇಲೆ ಕೈಯಿಟ್ಟುಕೊಂಡು ಹೇಳಿದ: "ಅವತ್ತು ಅವಳು ಬಿದ್ದಿದ್ದು ನನ್ನಿಂದ. ಹಬ್ಬ ಅಂತ ಟೈರಿಗೆ ಎಣ್ಣೆ ಹಚ್ಚಿದ್ದೆ. ಗಾಡಿ ಓಡ್ಸೋದ್ರಾಗೆ ಅವಳ ತಪ್ಪೇನಿಲ್ಲ. ಇವತ್ತು ಅವಳ ಹಿಂದೆ ಕೂತ್ಕಂಡು ಬಂದೀನಿ. ಅಷ್ಟು ಹೇಳಾಕೇ ಬಂದಿದ್ದು."

ಸಾಲಿನಲ್ಲಿ ಯಾರೂ ನಗಲಿಲ್ಲ. ಒಬ್ಬಳು ಮುದುಕಿ ಮಾತ್ರ, "ಟೈರಿಗೆ ಯಾವ ಎಣ್ಣೆಯಪ್ಪ, ಕೊಬ್ಬರಿದಾ ಹರಳಿಂದಾ?" ಎಂದು ಕೇಳಿದಳು. ಆಗ ಎಲ್ಲರೂ ನಕ್ಕರು, ಬಚ್ಚಣ್ಣನೂ ನಕ್ಕ. ತಿಮ್ಮರಾಯಪ್ಪ ಏನೋ ಹೇಳಲು ಹೋದಾಗ ಅವನ ಹೆಂಡತಿ ಮುಂದೆ ಬಂದು, "ನೀವು ಸುಮ್ನಿರ್ರಿ. ಸೆಕ್ರೆಟ್ರಮ್ಮ, ಬೀಗ ತೆಗೀರಿ, ಲಾರಿ ಬತ್ತದೆ" ಅಂದಳು. ಸಂಘದ ಸಭೆ ಅಲ್ಲಿಗೇ ಮುಗಿಯಿತು. ಪ್ರಮೀಳ ಬೀಗ ತೆಗೆದು, ಸೆರಗು ಸಿಕ್ಕಿಸಿ, "ಮೊದಲು ಯಾರು?" ಎಂದು ಕೇಳಿದಳು. ಬಚ್ಚಣ್ಣ ತನ್ನ ಕ್ಯಾನು ಹಿಡಿದು ಸಾಲಿನ ಕೊನೆಗೆ ಹೋಗಿ ನಿಂತ.

ಆಮೇಲೆ ನಾನು ಇನ್ನೊಂದು ಚಳಿಗಾಲ ಮಾತ್ರ ಕಂಡೆ. ಮೆತ್ತನೆಯ ರಬ್ಬರಿನ ಆಯುಸ್ಸೇ ಅಷ್ಟು. ಗೀರುಗಳು ಅಳಿಸಿ ಮೈ ನುಣ್ಣಗಾಯಿತು. ಬಿಚ್ಚಿದ ದಿನ ನನ್ನನ್ನು ಗುಜರಿಗೆ ಹಾಕದೆ ಪ್ರಮೀಳ ಡೈರಿಗೆ ತಂದಳು. ಈಗ ಡೈರಿಯ ಬಾಗಿಲ ಮುಂದೆ ಮಲಗಿದ್ದೇನೆ. ಲಾರಿಯಿಂದ ಇಳಿಸುವ ಖಾಲಿ ಕ್ಯಾನುಗಳು ನೆಲಕ್ಕೆ ಬಡಿದು ನೆಗ್ಗದಿರಲೆಂದು ನನ್ನ ಮೇಲೆ ಹಾಕುತ್ತಾರೆ. ಮೈಗೆ ಪೆಟ್ಟು ಬೀಳುತ್ತದೆ, ಆದರೂ ಇದೇನೂ ಕೆಟ್ಟ ಮುಪ್ಪಲ್ಲ. ಬಿಸಿಲೇರಿದ ಮೇಲೆ ಒಂದು ಬೆಕ್ಕು ಬಂದು ನನ್ನೊಳಗೆ ಸುತ್ತಿಕೊಂಡು ಮಲಗುತ್ತದೆ.

ಬಿಡುವಾಗಿ ಮಲಗಿದಾಗ ಯೋಚಿಸುತ್ತೇನೆ. ನನ್ನ ಮೈಯಿಂದ ಸವೆದುಹೋದದ್ದೆಲ್ಲ ಎಲ್ಲಿಗೆ ಹೋಯಿತು? ಬೇರೆಲ್ಲೂ ಇಲ್ಲ, ಆ ಏರಿಯ ಮೇಲೇ ಇದೆ. ಕೋಡಿಯ ಹತ್ತಿರ ಸ್ವಲ್ಪ ಹೆಚ್ಚಾಗಿಯೇ ಇದೆ. ನೆರೆಯ ಗಟ್ಟಿ ಟೈರು ಇವತ್ತಿಗೂ ಎಲ್ಲೋ ಓಡಾಡುತ್ತಿರಬಹುದು, ಓಡಾಡಲಿ. ಹಿಡಿಯಬೇಕೆಂದರೆ ಸವೆಯಲೇಬೇಕು. ಸವೆದದ್ದಕ್ಕೆ ನನಗೆ ಬೇಸರವಿಲ್ಲ. ಹಿಡಿಯಲಾಗದ ಆ ಒಂದು ಬೆಳಗಿನ ನೆನಪು ಮಾತ್ರ ಈಗಲೂ ಚುಚ್ಚುತ್ತದೆ.

ಚಳಿಗಾಲ ಮತ್ತೆ ಬಂದಿದೆ. ಹೊತ್ತು ಹುಟ್ಟುವ ಮುಂಚೆ ಏರಿಯ ಕಡೆಯಿಂದ ಸ್ಕೂಟರಿನ ಸದ್ದು ಬರುತ್ತದೆ. ತಿರುವಿನಲ್ಲಿ ತಗ್ಗುತ್ತದೆ, ಮತ್ತೆ ಏರುತ್ತದೆ. ಎಷ್ಟೋ ದಿನ ಗಾಡಿಯ ಮೇಲೆ ಇಬ್ಬರಿರುತ್ತಾರೆ. ಇವತ್ತು ಬಾಗಿಲ ಮುಂದೆ ಇಳಿಯುವಾಗ ಬಚ್ಚಣ್ಣ ಅಂದ: "ಸ್ವಲ್ಪ ಜೋರಾಗೇ ಓಡ್ಸಬಹುದಿತ್ತಪ್ಪ ನೀನು." ಪ್ರಮೀಳ ನಗುತ್ತ ಬೀಗ ತೆಗೆದಳು.